ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ? ನಿಪ್ಪಾಣಿ, ಅಥಣಿ ಕಡೆಯವರು ಮೊದಲು ಬಾಯಿ ತೆರೆದು ನೋಡಿಕೊಳ್ಳಿ

“ಒಂದೇ ಹನಿ ರಕ್ತ ಸಾಕು, ಎಲ್ಲ ಕ್ಯಾನ್ಸರ್ ಮೊದಲ ಹಂತದಲ್ಲೇ ಗೊತ್ತಾಗುತ್ತದೆ. ತಪ್ಪದೇ ಹತ್ತು ಜನರಿಗೆ ಕಳಿಸಿ.” ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಅಣ್ಣತಮ್ಮಂದಿರೂ ಇದ್ದಾರೆ. ಮೊಬೈಲ್ ಕ್ಯಾಮೆರಾ ಬಾಯಿಗೆ ಹಿಡಿದರೆ ಎಐ ಕ್ಯಾನ್ಸರ್ ಹೇಳಿಬಿಡುತ್ತದೆ ಎಂಬುದು ಒಂದು. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಮೈತುಂಬ ಹರಡುತ್ತದೆ ಎಂಬುದು ಇನ್ನೊಂದು. ರಕ್ತದ ಮತ್ತು ಕ್ಯಾಮೆರಾದ ಮಾತಿನ ಹಿಂದೆ ನಿಜವಾದ ಸಂಶೋಧನೆ ಇದೆ, ಫಾರ್ವರ್ಡ್ ಅದನ್ನು ಹಿಗ್ಗಿಸಿ ಹೇಳುತ್ತದೆ. ಬಯಾಪ್ಸಿಯ ಮಾತು ಪೂರ್ತಿ ತಪ್ಪು, ಮೂರರಲ್ಲಿ ಹೆಚ್ಚು ಜೀವ ತೆಗೆಯುವುದೂ ಅದೇ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರಿಗೆ ಇದನ್ನು ಬಿಡಿಸಿ ಹೇಳಲು ಕಾರಣವಿದೆ. ನಿಪ್ಪಾಣಿ ಎಂದರೆ ಬೀಡಿ ತಂಬಾಕಿನ ಪೇಟೆ. 1981ರಲ್ಲಿ ಶರದ್ ಜೋಶಿ ಅವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಚಳವಳಿ ನಡೆಸಿದ ಊರು ಅದು. ಬೀಡಿ ಕಟ್ಟಿ, ತಂಬಾಕು ಹಸನು ಮಾಡಿ ಮನೆ ನಡೆಸಿದ ಹೆಣ್ಣುಮಕ್ಕಳು ಸಾವಿರಾರು. ಹೀಗಾಗಿ ಇಲ್ಲಿ “ತಂಬಾಕು ಕೆಟ್ಟದ್ದು” ಎಂದು ಹೇಳಿ ಹೋಗುವುದು ಸುಲಭವಲ್ಲ, ಹೇಳಿದವರಿಗೆ ಬೈಗುಳವೂ ಸಿಗಬಹುದು. ಆದರೂ ಗುಟ್ಕಾ, ಮಾವಾ, ಸುಣ್ಣ ತಂಬಾಕು, ಹಲ್ಲಿಗೆ ತಿಕ್ಕುವ ಮಿಶ್ರಿ, ಇವೆಲ್ಲ ತಾಗುವುದು ಬಾಯಿಯ ಒಳಪದರಕ್ಕೆ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ಪ್ರಕಟಿಸಿದೆ. ಇಂದು ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದ್ದು.

ಬಾಯಿಯ ಕ್ಯಾನ್ಸರಿಗೆ ಒಂದು ಅನುಕೂಲವಿದೆ. ಹೊಟ್ಟೆಯ ಗಡ್ಡೆ ನೋಡಲು ಸ್ಕ್ಯಾನ್ ಬೇಕು, ಕೆನ್ನೆಯ ಒಳಗಿನ ಮಚ್ಚೆ ನೋಡಲು ಟಾರ್ಚ್ ಸಾಕು. ಸಂಶೋಧಕರು ಮೊಬೈಲನ್ನು ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಬೆಂಗಳೂರಿನ ಕೆಎಲ್‌ಇ ದಂತ ವಿಜ್ಞಾನ ಸಂಸ್ಥೆ, ಮಜುಂದಾರ್ ಶಾ ಕೇಂದ್ರ ಮತ್ತು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ತಜ್ಞರು ಸೇರಿ ಮೊಬೈಲಿಗೆ ಜೋಡಿಸುವ ಸಾಧನವೊಂದನ್ನು ಮಾಡಿ 2018ರಲ್ಲಿ ವರದಿ ಪ್ರಕಟಿಸಿದರು. ಅದು ಎರಡು ಬಗೆಯ ಫೋಟೊ ತೆಗೆಯುತ್ತದೆ. ಒಂದು ಬಿಳಿ ಬೆಳಕಿನದು. ಇನ್ನೊಂದು ನೀಲಿ-ನೇರಳೆ ಬೆಳಕಿನದು. ಈ ಬೆಳಕು ಬಿದ್ದಾಗ ಆರೋಗ್ಯವಂತ ಒಳಪದರ ಮಸುಕು ಹಸಿರಾಗಿ ಹೊಳೆಯುತ್ತದೆ, ರೋಗ ಬಂದ ಜಾಗ ಕಪ್ಪಾಗಿ ಕಾಣುತ್ತದೆ. ಎರಡೂ ಫೋಟೊಗಳನ್ನು ಕಂಪ್ಯೂಟರ್ ನೋಡಿ “ಅನುಮಾನವಿದೆ” ಅಥವಾ “ಇಲ್ಲ” ಎನ್ನುತ್ತದೆ.

ತೊಡಕು ಏನೆಂದರೆ, ಹಲ್ಲು ತಾಗಿ ಆದ ಗಾಯ, ಊತ, ಸಾದಾ ಹುಣ್ಣು ಕೂಡ ಆ ಬೆಳಕಿನಲ್ಲಿ ಕಪ್ಪಾಗಿಯೇ ಕಾಣಬಹುದು. ಅದಕ್ಕೇ ಪ್ರತಿ ಫೋಟೊವನ್ನೂ ತಜ್ಞರ ಅಭಿಪ್ರಾಯ ಮತ್ತು ಬಯಾಪ್ಸಿ ವರದಿಯ ಜೊತೆ ಹೋಲಿಸಿ ಕಂಪ್ಯೂಟರಿಗೆ ಕಲಿಸಬೇಕಾಗುತ್ತದೆ. ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುವ ಪೋಸ್ಟ್‌ಡಾಕ್‌ಗಳ ದಿನದ ಬಹುಪಾಲು ಇಂಥ ಕೆಲಸದಲ್ಲೇ ಕಳೆಯುತ್ತದೆ. ಸುದ್ದಿಯಲ್ಲಿ ಬರುವ “ಎಐ ಕಂಡುಹಿಡಿಯಿತು” ಎಂಬ ಸಾಲಿನ ಹಿಂದೆ ಫೋಟೊ ವಿಂಗಡಿಸುತ್ತ ಕೂತ ಮನುಷ್ಯರಿದ್ದಾರೆ.

“90 ಪರ್ಸೆಂಟ್ ನಿಖರ” ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡೋಣ. ಉದಾಹರಣೆಗೆ 10,000 ಜನರ ಬಾಯಿ ನೋಡಿದ್ದೇವೆ, ಅವರಲ್ಲಿ 20 ಜನರಿಗೆ ನಿಜವಾಗಿ ರೋಗವಿದೆ ಎಂದುಕೊಳ್ಳಿ. ರೋಗ ಇದ್ದವರಲ್ಲೂ ಇಲ್ಲದವರಲ್ಲೂ ಯಂತ್ರ 90 ಪರ್ಸೆಂಟ್ ಸರಿ ಹೇಳಿದರೆ, 20 ಜನರಲ್ಲಿ 18 ಜನ ಸಿಗುತ್ತಾರೆ, ಇಬ್ಬರು ತಪ್ಪಿಹೋಗುತ್ತಾರೆ. ಉಳಿದ 9,980 ಆರೋಗ್ಯವಂತರಲ್ಲಿ 998 ಜನರಿಗೆ ಸುಮ್ಮನೆ “ಅನುಮಾನ” ಎಂದು ಬರುತ್ತದೆ. ಅಂದರೆ ಯಂತ್ರ ಬೊಟ್ಟು ಮಾಡಿದ 1,016 ಜನರಲ್ಲಿ ನಿಜವಾದ ರೋಗಿಗಳು 18. ಯಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಯಾರನ್ನು ಡಾಕ್ಟರ್ ಹತ್ತಿರ ಕಳಿಸಬೇಕು ಎಂದು ಆರಿಸಲು ಅದು ನೆರವಾಗುತ್ತದೆ, ಕ್ಯಾನ್ಸರ್ ಇದೆ ಎಂದು ತೀರ್ಪು ಕೊಡುವುದು ಅದರ ಕೆಲಸವಲ್ಲ.

ಇನ್ನು ಜೀನ್‌ಗಳ ಮಾತು. ತಂಬಾಕು ಅಗಿಯುವವರು ಉಂಡೆ ಇಟ್ಟುಕೊಳ್ಳುವುದು ಕೆನ್ನೆ ಮತ್ತು ಒಸಡಿನ ನಡುವಿನ ಸಂದಿನಲ್ಲಿ. ನಮ್ಮ ದೇಶದಲ್ಲಿ ಗಡ್ಡೆ ಹೆಚ್ಚಾಗಿ ಏಳುವುದೂ ಅಲ್ಲೇ. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಬಯೋಮೆಡಿಕಲ್ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸೇರಿ ಈ ಜಾಗದ ಕ್ಯಾನ್ಸರನ್ನೇ ಆರಿಸಿಕೊಂಡವು. 50 ರೋಗಿಗಳ ಗಡ್ಡೆ ಮತ್ತು ರಕ್ತದ ಡಿಎನ್‌ಎ ಓದಿ, ಗಡ್ಡೆಯಲ್ಲಿ ಮಾತ್ರ ಬದಲಾದ ಅಕ್ಷರಗಳು ಯಾವುವು ಎಂದು ಹುಡುಕಿ, ಇನ್ನೂ 60 ರೋಗಿಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದವು. ಕೋಟಿಗಟ್ಟಲೆ ಅಕ್ಷರಗಳ ಈ ಹೋಲಿಕೆಯನ್ನು ಕಂಪ್ಯೂಟರ್ ಇಲ್ಲದೆ ಮಾಡಲಾಗದು, ಬಯೋಇನ್ಫರ್ಮ್ಯಾಟಿಕ್ಸ್ ಎಂದರೆ ಅದೇ. ಟಿಪಿ53, ನಾಚ್1 ಮುಂತಾದ ಜೀನ್‌ಗಳಲ್ಲಿ ಮತ್ತೆ ಮತ್ತೆ ಬದಲಾವಣೆ ಸಿಕ್ಕಿತು. ಹಾಗಾದರೆ ಜೀನ್ ಬದಲಾದರೆ ಕ್ಯಾನ್ಸರ್ ಎನ್ನಬಹುದೇ? ಇಲ್ಲ. ವಯಸ್ಸಾದವರ ಆರೋಗ್ಯವಂತ ಅನ್ನನಾಳದಲ್ಲೂ ನಾಚ್1 ಬದಲಾವಣೆ ಧಾರಾಳವಾಗಿ ಇರುತ್ತದೆ ಎಂದು 2018ರಲ್ಲಿ ಗೊತ್ತಾಯಿತು.

ರಕ್ತ ಪರೀಕ್ಷೆಯ ಫಾರ್ವರ್ಡ್ ಎಡವುವುದೂ ಇಲ್ಲೇ. ಗಡ್ಡೆಯಿಂದ ಉದುರಿದ ಡಿಎನ್‌ಎ ಚೂರುಗಳನ್ನು ರಕ್ತದಲ್ಲಿ ಹುಡುಕುವ ಗ್ಯಾಲರಿ ಎಂಬ ಪರೀಕ್ಷೆ ಅಮೆರಿಕದಲ್ಲಿದೆ. ಅದಕ್ಕೆ ಒಂದು ಹನಿ ಸಾಲದು, ಕೊಳವೆ ತುಂಬ ರಕ್ತ ಬೇಕು. 2021ರ ಅಧ್ಯಯನದಲ್ಲಿ ಅದು ನಾಲ್ಕನೇ ಹಂತದ ಕ್ಯಾನ್ಸರ್‌ಗಳಲ್ಲಿ ಸುಮಾರು 90 ಪರ್ಸೆಂಟ್ ಹಿಡಿಯಿತು, ಮೊದಲ ಹಂತದವುಗಳಲ್ಲಿ ಸುಮಾರು 17 ಪರ್ಸೆಂಟ್ ಮಾತ್ರ. ಗಡ್ಡೆ ಚಿಕ್ಕದಿದ್ದಾಗ ಉದುರುವ ಚೂರುಗಳೂ ಕಡಿಮೆ. ಫಾರ್ವರ್ಡ್ ಆಸೆ ಹುಟ್ಟಿಸುವ “ಮೊದಲ ಹಂತ”ದಲ್ಲೇ ಪರೀಕ್ಷೆ ದುರ್ಬಲ.

ಹಾಗಾದರೆ ಬಾಯಿ ನೋಡಿದ್ದರಿಂದ ಜೀವ ಉಳಿದದ್ದಕ್ಕೆ ಪುರಾವೆ ಇದೆಯೇ? ಇದೆ, ಅದೂ ಪಕ್ಕದ ಕೇರಳದಲ್ಲಿ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 35 ದಾಟಿದವರ ಬಾಯಿಯನ್ನು ತರಬೇತಿ ಪಡೆದ ಕಾರ್ಯಕರ್ತರು ಬೆಳಕು ಹಿಡಿದು, ಬರಿಗಣ್ಣಿನಲ್ಲಿ ನೋಡಿದರು. ತಪಾಸಣೆ ಇಲ್ಲದ ಪಂಚಾಯತಿಗಳಿಗೆ ಹೋಲಿಸಿದರೆ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು 34 ಪರ್ಸೆಂಟ್ ಕಡಿಮೆಯಾಗಿತ್ತು ಎಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಅದೇ ವರದಿಯ ಇನ್ನೊಂದು ಅಂಕಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅನುಮಾನವಿದೆ ಎಂದು ಕಳಿಸಿದ 5,145 ಜನರಲ್ಲಿ ಡಾಕ್ಟರ್ ಹತ್ತಿರ ಹೋದವರು 3,218. ಸುಮಾರು ಎರಡು ಸಾವಿರ ಜನ ಹೋಗಲೇ ಇಲ್ಲ. ನಮ್ಮಲ್ಲೂ ಕಾರಣಗಳಿಗೆ ಬರವಿಲ್ಲ: ಮಚ್ಚೆ ನೋಯುವುದಿಲ್ಲ, ಕಬ್ಬು ಕಡಿಯುವ ಸುಗ್ಗಿ ನಡೆದಿದೆ, ಒಂದು ದಿನದ ಕೂಲಿ ಹೋಗುತ್ತದೆ, ಬೆಳಗಾವಿಗೋ ಮಿರಜ್‌ಗೋ ಹೋಗಬೇಕು. ಇಷ್ಟರ ಮೇಲೆ ಬಯಾಪ್ಸಿ ಹೆದರಿಕೆ. ಬಾಯಿಯಿಂದ ಸಣ್ಣ ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಡವಾಗಿ ಹೋದವರಲ್ಲಿ ರೋಗ ಮೊದಲೇ ಬೆಳೆದಿರುತ್ತದೆ, ಬಯಾಪ್ಸಿ ಆದಮೇಲೆ ಜೋರಾಗುವುದನ್ನು ಮನೆಯವರು ನೋಡುತ್ತಾರೆ, ಚುಚ್ಚಿದ್ದರಿಂದಲೇ ಹೀಗಾಯಿತು ಎನ್ನುತ್ತಾರೆ. ಯಾವ ಕ್ಯಾಮೆರಾ ಬಂದರೂ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಆ ತುಣುಕಿನಿಂದಲೇ.

30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಹಣ ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಚಿಕಿತ್ಸೆಗೆ ಗಡಿ ದಾಟಿ ಮಿರಜ್, ಸಾಂಗಲಿ, ಕೊಲ್ಹಾಪುರಕ್ಕೆ ಹೋಗುವವರು ನಮ್ಮ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಮನೆಯಲ್ಲಿ ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ಕೆನ್ನೆಯ ಒಳಗೆ, ಒಸಡಿನ ಸಂದಿನಲ್ಲಿ, ನಾಲಿಗೆಯ ಅಂಚು ಮತ್ತು ಅಡಿಯಲ್ಲಿ ನೋಡಿ. ತಿಕ್ಕಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇದ್ದರೆ ತೋರಿಸಲೇಬೇಕು. ಮೊದಲು ರೊಟ್ಟಿ ಜೊತೆ ರಂಜಕ ಆರಾಮಾಗಿ ತಿನ್ನುತ್ತಿದ್ದವರಿಗೆ ಈಗ ಸ್ವಲ್ಪ ಖಾರಕ್ಕೂ ಬಾಯಿ ಉರಿಯುತ್ತಿದ್ದರೆ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹಾಕುವಷ್ಟು ಬಾಯಿ ತೆರೆಯದಿದ್ದರೆ, ಅಡಿಕೆಯಿಂದ ಒಳಪದರ ಬಿಗಿಯುತ್ತಿರಬಹುದು. ಕಂಡದ್ದರ ಫೋಟೊ ತೆಗೆದು ತಾರೀಖಿನೊಂದಿಗೆ ಇಟ್ಟುಕೊಳ್ಳಿ. ಅದನ್ನು ಗ್ರೂಪಿಗೆ ಹಾಕಿ ಅಭಿಪ್ರಾಯ ಕೇಳಬೇಡಿ, ಹಲ್ಲಿನ ಡಾಕ್ಟರಿಗೆ ತೋರಿಸಿ.