ಬಿಪಿಎಲ್ ಕಾರ್ಡ್ ರದ್ದತಿ: ಸರ್ಕಾರ ಎಣಿಸದ ಇನ್ನೊಂದು ತಪ್ಪು

ಇಂಜಿನಿಯರಿಂಗ್‌ನ ಎಂ-4 ಪೇಪರ್‌ನಲ್ಲಿ ‘ಟೈಪ್ 1 ಎರರ್, ಟೈಪ್ 2 ಎರರ್’ ಅಂತ ಉರು ಹೊಡೆದು ಪಾಸಾದವರಲ್ಲಿ ನಾನೂ ಒಬ್ಬ. ಅದು ನಿಜಕ್ಕೂ ಅರ್ಥವಾಗಿದ್ದು 2024ರ ನವೆಂಬರ್‌ನಲ್ಲಿ. ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗಳು ರದ್ದಾಗಿ, ಜನ ಸಿಟ್ಟಿಗೆದ್ದು, ಕೊನೆಗೆ ‘ಅರ್ಹರ ಕಾರ್ಡ್ ವಾಪಸ್ ಕೊಡುತ್ತೇವೆ’ ಎಂದು ಸರ್ಕಾರ ಹೇಳಬೇಕಾಯಿತು.

ಯಾವುದೇ ಪರೀಕ್ಷೆ ಒಂದು ಊಹೆಯಿಂದ ಶುರುವಾಗುತ್ತೆ. ಕೋರ್ಟ್‌ನಲ್ಲಿ ಆ ಊಹೆ ‘ಆರೋಪಿ ನಿರಪರಾಧಿ’. ಸಾಕ್ಷ್ಯ ಗಟ್ಟಿಯಿದ್ದರೆ ಮಾತ್ರ ಅದನ್ನು ಕೈಬಿಡಬೇಕು. ನಿರಪರಾಧಿಗೆ ಶಿಕ್ಷೆಯಾದರೆ ಟೈಪ್ 1 ತಪ್ಪು, ಅಪರಾಧಿ ತಪ್ಪಿಸಿಕೊಂಡರೆ ಟೈಪ್ 2. ‘ಕಾರ್ಡ್ ಇರುವವರು ಅರ್ಹರು’ ಎಂಬ ಊಹೆಯಿಂದ ಹೊರಟರೆ, ಬಡವರ ಕಾರ್ಡ್ ಕಿತ್ತುಕೊಳ್ಳುವುದು ಟೈಪ್ 1. ಉಳ್ಳವರ ಕಾರ್ಡ್ ಹಾಗೇ ಉಳಿಯುವುದು ಟೈಪ್ 2.

ಒಂದು ಲೆಕ್ಕ ಹಾಕೋಣ. 1 ಲಕ್ಷ ಕಾರ್ಡ್‌ಗಳಲ್ಲಿ 5,000 ಅನರ್ಹ ಅಂದುಕೊಳ್ಳಿ. ಸಾಫ್ಟ್‌ವೇರ್ ಅನರ್ಹರಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತೆ. ಅರ್ಹರಲ್ಲಿ ಶೇ 5 ಮಂದಿಯನ್ನಷ್ಟೇ ತಪ್ಪಾಗಿ ಹಿಡಿಯುತ್ತೆ. ಒಳ್ಳೇ ಸಾಫ್ಟ್‌ವೇರೇ ಅಲ್ವಾ? ಈಗ ಪಟ್ಟಿ ನೋಡಿ: ಅನರ್ಹರು 4,500, ಅರ್ಹರು 4,750. ರದ್ದಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಡವರೇ!

ಇದು ಬರೀ ಕಾಗದದ ಲೆಕ್ಕವಲ್ಲ. ಜಾರ್ಖಂಡ್‌ನಲ್ಲಿ ರದ್ದಾದ ರೇಷನ್ ಕಾರ್ಡ್‌ಗಳನ್ನು ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಹೋದ್ಯೋಗಿಗಳು ಪರಿಶೀಲಿಸಿದಾಗ, ಸುಮಾರು ಶೇ 90ರಷ್ಟು ನಿಜವಾದ ಕುಟುಂಬಗಳದ್ದೇ ಆಗಿದ್ದವು.

ಹಾಗಂತ ಅನರ್ಹರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಇರುವ ಡೇಟಾ ಇಟ್ಟುಕೊಂಡು ನಿಯಮ ಬಿಗಿ ಮಾಡುತ್ತಾ ಹೋದರೆ ಟೈಪ್ 2 ಇಳಿದಂತೆ ಟೈಪ್ 1 ಏರುತ್ತೆ. ಎರಡೂ ಇಳಿಯಬೇಕಾದರೆ ಮಾಹಿತಿಯೇ ಚೆನ್ನಾಗಿರಬೇಕು. ಸಾಲಕ್ಕಾಗಿ ಐಟಿ ರಿಟರ್ನ್ಸ್ ಸಲ್ಲಿಸಿದವರೆಲ್ಲ ತೆರಿಗೆ ಕಟ್ಟುವವರಲ್ಲ. ಅದು ಕಂಪ್ಯೂಟರ್‌ಗೆ ಗೊತ್ತಾಗದಿದ್ದರೆ ಮನೆಗೆ ಹೋಗಿ ನೋಡಿದವರಿಗೆ ಗೊತ್ತಾಗುತ್ತೆ.

ಎರಡೂ ತಪ್ಪುಗಳ ಬೆಲೆಯೂ ಒಂದೇ ಅಲ್ಲ. ಒಂದರಲ್ಲಿ ಬೊಕ್ಕಸಕ್ಕೆ ನಷ್ಟ. ಇನ್ನೊಂದರಲ್ಲಿ ಒಂದು ಮನೆಯ ಅಕ್ಕಿ ಹೋಗುತ್ತೆ. ಆದರೂ ನಮ್ಮ ವ್ಯವಸ್ಥೆ ಊಹೆಯನ್ನೇ ತಿರುಗಿಸಿಬಿಟ್ಟಿದೆ: ಮೊದಲು ಕಾರ್ಡ್ ರದ್ದು, ಆಮೇಲೆ ‘ನೀವೇ ಬಡವರೆಂದು ಸಾಬೀತು ಮಾಡಿ’. ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾದವರು ಯಾರು?

ಮುಂದಿನ ಸಲ ಸಚಿವರು ‘ಇಷ್ಟು ಅನರ್ಹ ಕಾರ್ಡ್ ಪತ್ತೆ’ ಎಂದಾಗ ನಾವು ಕೇಳಬೇಕಾದ್ದು ಒಂದೇ: ಸರ್, ಅದರಲ್ಲಿ ತಪ್ಪಾಗಿ ರದ್ದಾದವು ಎಷ್ಟು? ಆ ಲೆಕ್ಕ ಸಿಗುವವರೆಗೆ ರೇಷನ್ ನಿಲ್ಲಿಸಬಾರದು.