ದೊಡ್ಡವರಿಗೆ ದೊಡ್ಡವರ ಪಾಠ
ಒಮ್ಮೆ ನಿಪ್ಪಾಣಿಯ ಬ್ಯಾಂಕೊಂದರಲ್ಲಿ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಚಲನ್ ಹಿಡಿದು, ಅದನ್ನು ಇಂಗ್ಲಿಷಿನಲ್ಲಿ ತುಂಬಿಕೊಡುವವರಿಗಾಗಿ ಕಾಯುತ್ತಿದ್ದರು. ಸಂಘದ ಲೆಕ್ಕವನ್ನೆಲ್ಲ ಮರಾಠಿಯಲ್ಲಿ ಅಚ್ಚುಕಟ್ಟಾಗಿ ಬರೆದಿಡುವವರು ಅವರು. ಇಂಥವರಿಗೆ ‘ಎ ಫಾರ್ ಆ್ಯಪಲ್’ನಿಂದ ಇಂಗ್ಲಿಷ್ ಬರವಣಿಗೆ ಶುರುಮಾಡುವುದು ಅವರ ಪ್ರಾಯಕ್ಕೂ ಬುದ್ಧಿಗೂ ತೋರುವ ಅಗೌರವ. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಊರಿನ ಸುಮಾರು 300 ದುಡಿಯುವ ಜನರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸಹೊರಟಾಗ ಆರಿಸಿಕೊಂಡದ್ದು ಅವರದೇ ದುಡಿಮೆಯ, ಬದುಕಿನ ಪದಗಳನ್ನು. ನಮ್ಮಲ್ಲೂ ಹಾಗೇ ಆಗಲಿ: ಮೊದಲು ಸ್ವಂತ ಹೆಸರು, ಊರು, ತಾರೀಖು, ಆಮೇಲೆ ಬೀಡಿ, ತಂಬಾಕು, ಕಬ್ಬು, ಕೂಲಿ, ಮುಂದೆ ಅರ್ಜಿ, ಮಗುವಿನ ಶಾಲೆಗೆ ಎರಡು ಸಾಲಿನ ಚೀಟಿ. ಕನ್ನಡವನ್ನೋ ಮರಾಠಿಯನ್ನೋ ಬರೆಯಬಲ್ಲವರಿಗೆ ದನಿ ಅಕ್ಷರವಾಗುವ ಬಗೆ ಗೊತ್ತೇ ಇದೆ. ಅವರನ್ನು ತಡೆಯುವುದು ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಮತ್ತು ಉಚ್ಚಾರಕ್ಕೆ ಹೊಂದದ ಸ್ಪೆಲಿಂಗ್. ಪಾಠದ ಹೊತ್ತೆಲ್ಲ ಅದಕ್ಕೇ ಸಲ್ಲಲಿ. ಯಾವ ಲಿಪಿಯೂ ಬಾರದವರ ಕಷ್ಟವೇ ಬೇರೆ. ಅವರಿಗೆ ಮೊದಲು ತಾಯ್ನುಡಿಯ ಅಕ್ಷರ ಕೈಗೆ ಕೂರಬೇಕು, ಇಂಗ್ಲಿಷ್ ಆಮೇಲೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಸಂಜೆ ತರಗತಿ ನಡೆಸುವವರು ಈ ಎರಡು ಬಗೆಯವರನ್ನೂ ಒಂದೇ ಸಾಲಿನಲ್ಲಿ ಕೂರಿಸದೆ, ಮೊದಲ ದಿನವೇ ಎರಡು ಗುಂಪು ಮಾಡಿಕೊಳ್ಳಲಿ.