ನರಾ ವೀಕ್ ಆಗ್ಯಾವಂತ್ರಿ!

"ಏನಿಲ್ರಿ ಅಕ್ಕಾ, ನರಾ ವೀಕ್ ಆಗ್ಯಾವು. ಒಂದ್ ಸಲೈನ್ ಹಚ್ಚೂಣು."

ಚಿಕ್ಕೋಡಿ, ರಾಯಬಾಗ ಕಡೆಯವರಿಗೆ ಈ ಮಾತು ಹೊಸದಲ್ಲ. ಕೈ ನಡುಗುತ್ತಾ? ನರ ವೀಕ್. ನಿದ್ದೆ ಇಲ್ವಾ? ನರ ವೀಕ್. ಎದೆ ಡವಡವ, ಸುಮ್ಮಸುಮ್ಮನೆ ಸಿಟ್ಟು, ಅಳು? ಅದೂ ನರಾನೇ! ದಿನಕ್ಕೆ ನಾಲ್ಕು ಸಲ ಸಂಡಾಸಿಗೆ ಓಡೋದು ಮಾತ್ರ ಬೇರೆ ಖಾತೆ. ಅದಕ್ಕೆ ಗ್ಯಾಸಿನ ಗುಳಿಗೆ.

ಈ ಎರಡೂ ಖಾತೆಯನ್ನ ಒಟ್ಟಿಗೆ ಯಾಕೆ ನೋಡಲ್ಲ ಅನ್ನೋದೇ ನನ್ನ ತಕರಾರು. ಎಲ್ಲಾ ನಡುಕವೂ ಥೈರಾಯ್ಡ್ ಅಲ್ಲ, ಒಪ್ಪಿದೆ. ಆದರೆ ಇಷ್ಟೆಲ್ಲ ಒಬ್ಬರಲ್ಲೇ ಇದ್ದು, ಎರಡು ರೊಟ್ಟಿ ಜಾಸ್ತಿ ತಿಂದರೂ ಕುಪ್ಪಸ ಸಡಿಲ ಆಗ್ತಾ ಹೋದರೆ ಕುತ್ತಿಗೆಯ ಆ ಗ್ರಂಥಿ ನೆನಪಾಗಬೇಡವೇ? "ಥೈರಾಯ್ಡ್ ಆದ್ರೆ ದಪ್ಪ ಆಗ್ತಾರಲ್ಲ?" ಅಂತಾರೆ. ಸ್ವಾಮಿ, ಅದು ಹಾರ್ಮೋನು ಕಡಿಮೆ ಆದಾಗ. ನಾನು ಹೇಳ್ತಿರೋದು ಅತಿಯಾದಾಗಿನ ಕಥೆ.

ಅತಿಯಾದರೆ ದೇಹ ಅಡ್ರಿನಾಲಿನ್‌ಗೆ ವಿಪರೀತ ಸ್ಪಂದಿಸುತ್ತೆ. ರಕ್ತದಲ್ಲಿ ಅಡ್ರಿನಾಲಿನ್ ಹೆಚ್ಚಾಗಿರಲ್ಲ, ಆದರೂ ನಾಯಿ ಅಟ್ಟಿಸಿಕೊಂಡು ಬಂದವರ ಥರ ಎದೆ ಹೊಡ್ಕೊಳ್ಳುತ್ತೆ, ಬೆರಳು ನಡುಗುತ್ತೆ. ಕರುಳೂ ಅವಸರದಲ್ಲಿ ಊಟವನ್ನ ಮುಂದೆ ತಳ್ಳುತ್ತೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಉಲ್ಟಾ: ಹಸಿವೆ ಇಲ್ಲ, ಮಂಕು. ಅವರಿಗೆ "ವಯಸ್ಸಾತು ಬಿಡ್ರಿ" ಅಂತ ಹೇಳಿ ಮುಗಿಸ್ತಾರೆ.

ನಿಪ್ಪಾಣಿಯಲ್ಲಿ ಇನ್ನೊಂದು ರೆಡಿಮೇಡ್ ಉತ್ತರ ಇದೆ, ತಂಬಾಕು. ನಿಕೋಟಿನ್ನಿಂದಲೂ ನಡುಕ, ಎದೆಬಡಿತ ಬರೋದು ನಿಜ. ಆದರೆ ಆ ಉತ್ತರ ಸಿಕ್ಕಮೇಲೆ ಮುಂದೆ ಯಾರೂ ಹುಡುಕಲ್ಲ! ಬೀಡಿ ಕಟ್ಟೋ ಹೆಣ್ಣುಮಗಳಿಗೆ ಕೂಲಿ ಸಾವಿರ ಬೀಡಿ ಲೆಕ್ಕದಲ್ಲಿ. ಬೆರಳು ನಡುಗಿದರೆ ಅವಳ ದಿನದ ಗಳಿಕೆಯೇ ಹೋಯ್ತು. ಅವಳ ಕೈ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಡಿ, ಹಾಳೆ ಅದುರೋದು ಕಣ್ಣಿಗೇ ಕಾಣುತ್ತೆ. ಇದಕ್ಕೆ ಯಾವ ಮಷೀನೂ ಬೇಡ.

ಅಥಣಿ, ಕಾಗವಾಡದವರು ಮಿರಜಿಗೆ ಹೋಗ್ತಾರೆ. 1894ರಿಂದ ಮಿಷನ್ ಆಸ್ಪತ್ರೆ ಇರೋ ಊರು, ಡಾಕ್ಟರಿಗೇನು ಬರವಿಲ್ಲ. ಆದರೆ ರೋಗಿ ತಾನೇ ರೋಗ ಹಂಚ್ಕೊಂಡು ಹೋದರೆ? ಹೊಟ್ಟೆ ಡಾಕ್ಟರ್ ಹತ್ರ ಎಂಡೋಸ್ಕೋಪಿ, ಎದೆ ಡಾಕ್ಟರ್ ಹತ್ರ ಇಸಿಜಿ, ಕೊನೆಗೆ ಊರಿಗೆ ಬಂದು ದೇವರು ಕೇಳಿಸೋದು. ಟಿಎಸ್ಎಚ್ ಅನ್ನೋ ಒಂದು ರಕ್ತಪರೀಕ್ಷೆ ಮೊದಲೇ ಬರೆದಿದ್ದರೆ ಇಷ್ಟು ಅಲೆದಾಟ ಇರ್ತಿತ್ತಾ?

1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಈ ರೋಗದ ಬಗ್ಗೆ ಬರೆದಾಗ, ಅವನ ಒಬ್ಬ ರೋಗಿ ಇಪ್ಪತ್ತರ ಹುಡುಗಿ. ಅವಳದ್ದೂ ಹಿಸ್ಟೀರಿಯಾ ಅಂತಲೇ ಮೊದಲು ಅಂದುಕೊಂಡಿದ್ದರಂತೆ. ಈ ರೋಗ ಗಂಡಸರಿಗಿಂತ ಹೆಂಗಸರಿಗೇ ಬಹಳ ಜಾಸ್ತಿ. ಹೆಂಗಸು ನಡುಗಿದರೆ "ಮನಸ್ಸಿಗೆ ಹಚ್ಕೊಂಡಾಳ" ಅನ್ನೋದು ಆಗಲೂ ಇತ್ತು, ಈಗಲೂ ಇದೆ.

ರೋಗ ಗೊತ್ತಾದರೆ ಕಾರ್ಬಿಮಝೋಲ್ ಅಂತ ಗುಳಿಗೆ ಇದೆ. ಕೈನಡುಕ ನಿಂತಿತು ಅಂತ ನೀವೇ ಬಿಡಬೇಡಿ. ನುಂಗ್ತಿರುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರ ಗುಳಿಗೆ ನಿಲ್ಲಿಸಿ, ಅವತ್ತೇ ಡಾಕ್ಟರ ಹತ್ರ ಹೋಗಿ ಬಿಳಿರಕ್ತಕಣ ಎಣಿಸಬೇಕು. ಇದನ್ನ ಚೀಟಿ ಬರೆಯುವಾಗಲೇ ಹೇಳ್ರಿ ಡಾಕ್ಟ್ರೇ, ಮರಾಠಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ.